ಡ್ರಿಲ್ಲು ಹಿಡಿದವರ ಬೆರಳು

ಹೆಣ್ಣು ಹುಟ್ಟಿತು ಎಂಬ ಬೇಜಾರಿಗೆ ನನ್ನ ಗಂಡ ಮಗುವನ್ನು ಮುಟ್ಟುತ್ತಿಲ್ಲ ಎಂದು ನಾನು ಗ್ರಹಿಸಿದ್ದೆ. ಗ್ರಹಿಸಿ ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲ. ಅನ್ನ ಬಡಿಸುವಾಗ ಸೌಟನ್ನು ಪಾತ್ರೆಗೆ ಕುಕ್ಕುತ್ತಿದ್ದೆ. ಬಾಗಿಲನ್ನು ದಡಾರನೆ ಹಾಕುತ್ತಿದ್ದೆ. ಮಗುವಿನ ಜೊತೆ ಮಾತಾಡುವ ನೆಪದಲ್ಲಿ, "ನಿನ್ನ ಅಪ್ಪನಿಗೆ ಮೀಸೆ ಬರುವ ಮಗು ಬೇಕಿತ್ತಂತೆ, ನೀನು ಎಂತ ಮಾಡ್ತಿ ಪಾಪ" ಎಂದು ಅವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಿದ್ದೆ. ಅವರು ಜಗಲಿಯಲ್ಲಿ ಕೂತು ಕೇಳಿಸದವರಂತೆ ಅಂಗಳ ನೋಡುತ್ತಿದ್ದರು. ಆ ಮೌನ ನನ್ನ ಸಿಟ್ಟಿಗೆ ತುಪ್ಪ ಸುರಿಯುತ್ತಿತ್ತು.

ಅರವತ್ತರ ದಶಕದ ಕೊನೆಗಾಲ ಅದು. ಘಟ್ಟ ಹತ್ತುವ ರೈಲು ದಾರಿಯ ಕೆಲಸ ನಮ್ಮ ನೆಟ್ಟಣದ ಆಸುಪಾಸಿನಲ್ಲಿ ಜೋರಾಗಿ ನಡೆಯುತ್ತಿತ್ತು. ನಮ್ಮದು ಬೇಸಾಯದ ಮನೆ, ಮನೆಯೊಳಗಿನ ಮಾತು ಅರೆಭಾಷೆ. ಇಲ್ಲಿ ಎಲ್ಲರಿಗೂ ತಿಳಿಯಲಿ ಎಂದು ಆ ಮಾತುಗಳನ್ನು ಊರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗದ್ದೆ ಸ್ವಲ್ಪ, ಉಣ್ಣುವವರು ಹೆಚ್ಚು. ಹಾಗಾಗಿ ರೈಲು ಕೆಲಸ ಶುರುವಾದಾಗ ಇವರೂ ಹೋದರು. ಮೊದಲು ಮಣ್ಣು ಹೊತ್ತರು, ಆಮೇಲೆ ಕಲ್ಲು ಹೊತ್ತರು. ಮೈಕಟ್ಟು ಚೆನ್ನಾಗಿತ್ತು ಎಂದು ಮೇಸ್ತ್ರಿ ಇವರನ್ನು ಡ್ರಿಲ್ಲಿಗೆ ಹಾಕಿದ.

ಡ್ರಿಲ್ಲು ಎಂದರೆ ಬಂಡೆಗೆ ತೂತು ಕೊರೆಯುವ ಯಂತ್ರ. ಆ ತೂತಿಗೆ ಮದ್ದು ತುಂಬಿ ಬಂಡೆ ಒಡೆಯುವುದು. ದೂರದಲ್ಲಿ ಕಂಪ್ರೆಸರ್ ಎಂಬ ಇನ್ನೊಂದು ದೊಡ್ಡ ಯಂತ್ರ ಬೊಬ್ಬೆ ಹೊಡೆಯುತ್ತಾ ಇರುತ್ತದೆ, ಅದರಿಂದ ಬಂದ ರಬ್ಬರ್ ಪೈಪಿನ ಗಾಳಿಗೆ ಈ ಡ್ರಿಲ್ಲು ಕುಣಿಯುತ್ತದೆ. ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ನಿಲ್ಲಬೇಕು. ಹಿಡಿತ ಸಡಿಲವಾದರೆ ಮೇಸ್ತ್ರಿ ಬೈಯುತ್ತಾನೆ. ಬೆಳಗಿನಿಂದ ಸಂಜೆವರೆಗೆ ಇದೇ ಕೆಲಸ. ಕಲ್ಲು ಹೊರುವವರಿಗಿಂತ ಕೂಲಿ ಹೆಚ್ಚು, ಮರ್ಯಾದೆಯೂ ಹೆಚ್ಚು. ಡ್ರಿಲ್ಲಿನವರು ನಡೆದುಕೊಂಡು ಬರುವ ಠೀವಿಯೇ ಬೇರೆ ಇತ್ತು. ನನಗೂ ಒಳಗೊಳಗೆ ಜಂಬವಿತ್ತು, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದ ಮೇಲೂ ಅವರ ಕೈ ಕೆಲಸ ಬಿಡುತ್ತಿರಲಿಲ್ಲ. ಕಾಫಿಯ ಲೋಟ ಹಿಡಿದರೆ ಅದು ತಟ್ಟೆಯ ಮೇಲೆ ಟಿಣಿಟಿಣಿ ಎನ್ನುತ್ತಿತ್ತು. "ಎಂತ, ಲೋಟಕ್ಕೂ ತೂತು ಕೊರೀತೀರಾ?" ಎಂದು ನಾನು ತಮಾಷೆ ಮಾಡಿದ್ದುಂಟು. ಆಗ ಅವರೂ ನಗುತ್ತಿದ್ದರು.

ಹೆರಿಗೆಗೆ ನಾನು ಸುಳ್ಯದ ಕಡೆಯ ನನ್ನ ತವರಿಗೆ ಹೋದೆ. ಬಾಣಂತನ ಮುಗಿಸಿ, ಮಗುವನ್ನು ಎತ್ತಿಕೊಂಡು ಗಂಡನ ಮನೆಗೆ ಬಂದಾಗ ಚಳಿಗಾಲ ಶುರುವಾಗಿತ್ತು. ಘಟ್ಟದ ಬುಡದ ಚಳಿ, ಬೆಳಿಗ್ಗೆ ಮಂಜು ಅಂಗಳದವರೆಗೆ ಇಳಿದು ಬರುತ್ತಿತ್ತು. ಇವರು ತೊಟ್ಟಿಲಿನ ಹತ್ತಿರ ಬರುತ್ತಿದ್ದರು, ಬಗ್ಗಿ ನೋಡುತ್ತಿದ್ದರು, ಕೈ ಮಾತ್ರ ಬೆನ್ನ ಹಿಂದೆ. ಮಗು ಅತ್ತರೆ ನನ್ನನ್ನೋ ಅತ್ತೆಯನ್ನೋ ಕರೆಯುತ್ತಿದ್ದರು. ಊಟಕ್ಕೆ ಜಗಲಿಯಲ್ಲೇ ಎಲೆ ಹಾಕಿಸಿಕೊಳ್ಳುತ್ತಿದ್ದರು. ಹಾಸಿಗೆಯೂ ಜಗಲಿಗೆ ಹೋಗಿತ್ತು. ಹೆಣ್ಣು ಹುಟ್ಟಿದ್ದಕ್ಕೆ ಇಷ್ಟು ಸಿಟ್ಟೇ ಎಂದು ನಾನು ಸೌಟು ಕುಕ್ಕಿದ್ದು ಆಗ.

ಒಂದು ಬೆಳಿಗ್ಗೆ ಮಗುವಿನ ಸ್ನಾನಕ್ಕೆ ನೀರು ಕಾದಿದೆಯೇ ಎಂದು ನೋಡಲು ಬಚ್ಚಲುಮನೆಗೆ ಹೋದೆ. ಇವರು ಹಂಡೆಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಎರಡೂ ಕೈಯನ್ನು ಬೆಂಕಿಗೆ ಚಾಚಿದ್ದರು. ಬೆರಳುಗಳು, ನಡುವಿನ ಗಂಟಿನಿಂದ ತುದಿವರೆಗೆ, ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದವು. ಗಂಟಿನ ಹತ್ತಿರ ಗೆರೆ ಎಳೆದ ಹಾಗೆ ಆ ಬಿಳಿ ನಿಂತಿತ್ತು, ಅಲ್ಲಿಂದ ಈಚೆಗೆ ಮಾಮೂಲು ಕಪ್ಪು ಚರ್ಮ. ಬೆಂಕಿಯ ನಾಲಗೆ ಒಂದು ಬೆರಳನ್ನು ನೆಕ್ಕುತ್ತಿತ್ತು. ಅವರಿಗೆ ಅದರ ಪರಿವೆಯೇ ಇರಲಿಲ್ಲ. ನಾನು ತೋಳು ಹಿಡಿದು ಎಳೆದೆ. ಆ ಬೆರಳ ತುದಿಯಲ್ಲಿ ಆಗಲೇ ಬೊಕ್ಕೆ ಎದ್ದಿತ್ತು.

"ಬಿಸಿ ಗೊತ್ತಾಗುದಿಲ್ವಾ ನಿಮಗೆ?" ಎಂದೆ.

"ಇಲ್ಲ" ಎಂದರು. "ಮಗುವನ್ನು ಎಂತಕ್ಕೆ ಮುಟ್ಟುದಿಲ್ಲ ಅಂತ ಈಗ ಗೊತ್ತಾಯ್ತಲ್ಲ" ಎಂದರು.

ನಾನು ಅಲ್ಲೇ ಸೌದೆಯ ರಾಶಿಯ ಮೇಲೆ ಕೂತುಬಿಟ್ಟೆ. ಚರ್ಮ ಬೆಳ್ಳಗಾಗುವುದು, ಬೆಂಕಿ ತಾಗಿದರೂ ತಿಳಿಯದಿರುವುದು, ಇವೆರಡು ಒಟ್ಟಿಗೆ ಬಂದರೆ ನಮ್ಮ ಕಡೆ ಅದಕ್ಕೆ ಒಂದೇ ಹೆಸರು. ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, 'ದೊಡ್ಡ ರೋಗ' ಎನ್ನುತ್ತಾರೆ. ದೊಡ್ಡ ರೋಗ ಬಂದವರು ಮನೆ ಬಿಟ್ಟು ಹೋಗುತ್ತಿದ್ದರು, ಇಲ್ಲವೇ ಮನೆಯವರು ಅವರನ್ನು ಬಿಡುತ್ತಿದ್ದರು. ಮಕ್ಕಳನ್ನು ಮೊದಲು ದೂರ ಮಾಡುತ್ತಿದ್ದರು. ಯಾರೂ ಹೇಳದೆಯೇ ಇವರು ತಾವಾಗಿ ದೂರ ಆಗಲು ಶುರುಮಾಡಿದ್ದರು. ನಾನು ಆಡಿದ ಮೀಸೆಯ ಮಾತೆಲ್ಲ ಇವರು ಕೇಳಿಸಿಕೊಂಡು, ಅದಕ್ಕಿಂತ ನಿಜ ಹೇಳುವುದು ಕಷ್ಟ ಎಂದು ಸುಮ್ಮನಿದ್ದರಲ್ಲ, ಅದನ್ನು ನೆನೆದು ನನಗೆ ಅಳು ಬಂತು. ಅಷ್ಟರಲ್ಲಿ ಬೆರಳೊಳಗೆ ರಕ್ತ ಮರಳಿ ಹರಿದು ಬಣ್ಣ ಕೆಂಪಾಗಿ, ಅವರು ನೋವಿಗೆ ಹಲ್ಲು ಕಚ್ಚಿ ಕೈ ಕೊಡವುತ್ತಿದ್ದರು. ದೊಡ್ಡ ರೋಗ ಹೀಗೆ ಬಂದು ಹೋಗುತ್ತದೆಯೇ ಎಂದು ಕೇಳುವಷ್ಟು ಬುದ್ಧಿ ಆಗ ಇಬ್ಬರಿಗೂ ಇರಲಿಲ್ಲ.

ಅತ್ತೆಯ ಕಣ್ಣಿಗೆ ಏನೂ ತಪ್ಪುವುದಿಲ್ಲ. ನಮ್ಮಿಬ್ಬರ ಮುಖ ನೋಡಿ, ಮಗನ ಕೈ ನೋಡಿ, ಅವರು ಹೆಚ್ಚು ಮಾತಾಡಲಿಲ್ಲ. "ನಾಗನ ದೋಷ" ಎಂದರು. ಅದು ಅವರು ನಮಗೆ ಮಾಡಿದ ಉಪಕಾರ ಎಂದು ಈಗ ಅನ್ನಿಸುತ್ತದೆ. ನಾಗನ ದೋಷದಿಂದಲೂ ಚರ್ಮ ಬೆಳ್ಳಗಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಉಂಟು. ದೋಷವಾದರೆ ಪರಿಹಾರ ಉಂಟು, ಸುಬ್ರಹ್ಮಣ್ಯ ಹತ್ತಿರದಲ್ಲೇ ಉಂಟು. ದೋಷಕ್ಕೆ ಕಾರಣವೂ ಬೇಕಲ್ಲ. ತೀರಿಹೋದ ಮಾವ ಒಂದು ಕಾಲದಲ್ಲಿ ನಾಗಬನದ ಅಂಚಿನ ಮರವೊಂದನ್ನು ಕಡಿಸಿದ್ದರಂತೆ. ಅತ್ತೆ ಅದನ್ನು ಹುಡುಕಿ ತೆಗೆದರು. "ನಾನು ಆಗಲೇ ಬೇಡ ಹೇಳಿದ್ದೆ. ಕೇಳುವ ಜನವಾ ಅವರು" ಎಂದು, ಗೋಡೆಗೆ ತೂಗುಹಾಕಿದ್ದ ಮಾವನ ಪಟವನ್ನು ಒಂದು ಸಲ ದುರುಗುಟ್ಟಿ ನೋಡಿದರು.

ಆಮೇಲೆ ನನ್ನ ಹತ್ತಿರ ಬೇರೆಯಾಗಿ ಮಾತಾಡಿದರು. "ಆಶ್ಲೇಷಾ ನಕ್ಷತ್ರದ ದಿವಸ ಹೋಗಿ ಬಲಿ ಸೇವೆ ಮಾಡಿಸಿಕೊಂಡು ಬರುವ. ಅದರಿಂದ ಗುಣ ಆಗದಿದ್ರೆ ನೀನು ಮಗುವನ್ನು ಕರ್ಕೊಂಡು ತವರಿಗೆ ಹೋಗು. ಇವನಿಗೆ ಗದ್ದೆ ಬದಿ ಒಂದು ಗುಡಿಸಲು ಕಟ್ಟಿಸ್ತೇನೆ. ಊಟ ನಾನು ಕೊಂಡೋಗಿ ಕೊಡ್ತೇನೆ."

"ಅಲ್ಲಿ ನೀವು ಒಬ್ರೇ ಹೋಗುದಾ?"

"ಹೆತ್ತದ್ದು ನಾನಲ್ವಾ" ಎಂದರು.

ನಾನು ಜಗಳಗಂಟಿ ಎಂದು ಎರಡೂ ಮನೆಗಳಲ್ಲಿ ಹೆಸರಾದವಳು, ಆ ದಿನ ಮಗುವನ್ನು ಎತ್ತಿಕೊಂಡು ಒಳಗೆ ಹೋದೆ. ಮಗುವಿಗೆ ಹಾಲು ಕೊಡುತ್ತಾ, ಇವಳು ಅಪ್ಪನ ಕೈ ಎಂದರೆ ಏನೆಂದು ತಿಳಿಯದೆ ಬೆಳೆಯುತ್ತಾಳೋ ಏನೋ ಎಂದು ಯೋಚಿಸಿದೆ.

ರಜೆಗೆ ಮೇಸ್ತ್ರಿಯ ಹತ್ತಿರ ಇವರು ನನ್ನ ಅಜ್ಜನನ್ನು ಕೊಂದರು. ಅಜ್ಜನ ತಿಥಿ, ಹೋಗಲೇಬೇಕು ಎಂದು ಹೇಳಿದರಂತೆ. ನನ್ನ ಅಜ್ಜ ಆಗ ಸುಳ್ಯದಲ್ಲಿ ಗಟ್ಟಿಮುಟ್ಟಾಗಿ ವೀಳ್ಯ ಜಗಿಯುತ್ತಾ ಕೂತಿದ್ದರು. ಬೇರೆ ದಾರಿ ಇರಲಿಲ್ಲ. ಬಲಿ ಸೇವೆಗೆ ಹೋಗುತ್ತೇನೆ ಎಂದರೆ ಯಾಕೆ ಎಂದು ಕೇಳುತ್ತಾರೆ, ಕೈ ನೋಡುತ್ತಾರೆ, ಜೊತೆಯವರು ಪಕ್ಕದಲ್ಲಿ ಕೂತು ಗಂಜಿ ಉಣ್ಣುವುದಿಲ್ಲ. ಕೆಲಸದಲ್ಲಿ ಚಳಿಯಾದರೆ ಇವರು ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ತಲೆನೋವು ಎಂದು ಕೂತುಬಿಡುತ್ತಿದ್ದರಂತೆ.

ಆಶ್ಲೇಷಾದ ದಿನ ಬೆಳಿಗ್ಗೆ ಬೇಗ ಯಾತ್ರಿಕರ ಬಸ್ಸು ಹಿಡಿದು ನಾವು ಸುಬ್ರಹ್ಮಣ್ಯಕ್ಕೆ ಹೋದೆವು. ಇವರು, ನಾನು, ಅತ್ತೆ, ಅತ್ತೆಯ ತೋಳಲ್ಲಿ ಮಗು. ಸೇವೆಗೆ ಮೊದಲು ಕುಮಾರಧಾರೆಯಲ್ಲಿ ಮುಳುಗಬೇಕು. ನೀರಿನ ಮೇಲೆ ಮಂಜು ಹೊಗೆಯಾಡುತ್ತಿತ್ತು. ಕಾಲು ಇಟ್ಟರೆ ಮೂಳೆ ಕೊರೆಯುವ ಚಳಿ. ಮೊದಲು ಮುಳುಗಿ ಸೀರೆ ಬದಲಿಸಿ ಬಂದ ನಾನು ಅತ್ತೆಯ ಪಕ್ಕ ಮೆಟ್ಟಿಲ ಮೇಲೆ ಕೂತೆ. ಇವರು ಮುಳುಗಿ ಎದ್ದರು, ಎದ್ದವರೇ ಕೈಯನ್ನು ಮೈ ಒರೆಸುವ ಒದ್ದೆ ಬೈರಾಸಿನೊಳಗೆ ಸುತ್ತಿಕೊಂಡು ದಡಕ್ಕೆ ಬಂದರು.

ಅವರ ಮುಂದೆ ಇನ್ನೊಬ್ಬ ಗಂಡಸು ಮೆಟ್ಟಿಲು ಹತ್ತುತ್ತಿದ್ದ. ಅವನೂ ಕೈಯನ್ನು ಬೈರಾಸಿನಲ್ಲಿ ಸುತ್ತಿಕೊಂಡಿದ್ದ. ಅವನು ತಿರುಗಿ ಇವರನ್ನು ನೋಡಿದ, ಇವರು ಅವನನ್ನು ನೋಡಿದರು. ಇಬ್ಬರ ಮುಖವೂ ಕಳ್ಳ ಬೆಕ್ಕಿನದ್ದಾಯಿತು. ಅವನು ಆಲಂಕಾರಿನ ಕಡೆಯವನು, ಇವರ ಪಕ್ಕದಲ್ಲೇ ನಿಂತು ಡ್ರಿಲ್ಲು ಹಿಡಿಯುವವನು ಎಂದು ನನಗೆ ಆಮೇಲೆ ತಿಳಿಯಿತು.

"ನಿನಗೆ ಇವತ್ತು ತಂಗಿಯ ನಿಶ್ಚಯ ಅಲ್ವಾ ಮಾರಾಯ?" ಎಂದು ಇವರು ಕೇಳಿದರು.

"ನಿನಗೆ ಹೆಂಡತಿಯ ಅಜ್ಜನ ತಿಥಿ ಅಲ್ವಾ?" ಎಂದು ಅವನು ಕೇಳಿದ.

ಇಬ್ಬರೂ ಮುಂದೆ ಮಾತಾಡುವ ಮೊದಲೇ ಕೆಳಗಿನಿಂದ ಮತ್ತೊಬ್ಬ ಕೆಮ್ಮಿದ. ಅವನು ಎತ್ತು ಖರೀದಿಗೆ ಎಂದು ರಜೆ ಹಾಕಿದವನು, ಸೊಂಟದವರೆಗೆ ನೀರಲ್ಲಿ ನಿಂತಿದ್ದ. ಎತ್ತು ಅಲ್ಲೆಲ್ಲೂ ಇರಲಿಲ್ಲ. ಇವರನ್ನು ಕಂಡು ಅವನು ಕೈಯನ್ನು ನೀರೊಳಗೇ ಇಟ್ಟುಕೊಂಡ. ಹಲ್ಲು ಕಟಕಟ ಎನ್ನುತ್ತಿತ್ತು, ಆದರೂ ಮೇಲೆ ಬರಲೊಲ್ಲ.

ಅತ್ತೆ ಮಗುವನ್ನು ನನ್ನ ಮಡಿಲಿಗೆ ಹಾಕಿ ಎದ್ದರು. ಮೆಟ್ಟಿಲು ಇಳಿದು ಹೋಗಿ, ಶಾಲೆಯ ಮಾಸ್ತರರ ಹಾಗೆ ನಿಂತು, "ಕೈ ತೋರಿಸಿ ಎಲ್ಲರೂ" ಎಂದರು. "ನೀನೂ ಮೇಲೆ ಬಾ. ಅಲ್ಲಿ ನಿಂತ್ರೆ ಚಳಿಗೆ ಸಾಯ್ತಿ."

ಆ ಧ್ವನಿಗೆ ಎದುರಾಡಿದವರನ್ನು ನಾನು ಕಂಡಿಲ್ಲ. ಮೂವರೂ ಸಾಲಾಗಿ ನಿಂತು ಕೈ ಚಾಚಿದರು. ಮೂವರ ಬೆರಳೂ ಒಂದೇ ಹಾಗೆ, ನಡುವಿನ ಗಂಟಿನಿಂದ ತುದಿವರೆಗೆ ಬೆಳ್ಳಗೆ, ಅದೇ ಗೆರೆ. ಅತ್ತೆ ಒಂದೊಂದೇ ಕೈಯನ್ನು ಮಗುಚಿ ನೋಡಿದರು. ನಾನು ಮಗುವನ್ನು ಅಮುಕಿ ಹಿಡಿದೆನೋ ಏನೋ, ಅದು ಅಳಲು ಶುರುಮಾಡಿತು.

"ನಿನ್ನ ಮನೆಯಲ್ಲಿ ಎಂತ ದೋಷ ಹೇಳಿದ್ರು?" ಎಂದು ಅತ್ತೆ ಆಲಂಕಾರಿನವನನ್ನು ಕೇಳಿದರು. ಅವನ ದೊಡ್ಡಪ್ಪ ಹುತ್ತ ಅಗೆದು ಗದ್ದೆ ಮಾಡಿದ್ದನಂತೆ. ಎತ್ತಿನವನ ಅಜ್ಜಿ ಹರಕೆ ಹೊತ್ತು ಮರೆತಿದ್ದಳಂತೆ. ಒಂದೊಂದು ಮನೆಯಲ್ಲೂ ಯಾರೋ ಒಬ್ಬ ಸತ್ತವರ ತಲೆಗೆ ತಪ್ಪು ಕಟ್ಟಿ ಆಗಿತ್ತು.

"ನೀವು ಮೂವರೂ ಡ್ರಿಲ್ಲಿನವರಲ್ವಾ. ಕಲ್ಲು ಹೊರುವವರಿಗೆ ಉಂಟಾ ಇದು?" ಎಂದು ಅತ್ತೆ ಮತ್ತೆ ಕೇಳಿದರು.

"ಇಲ್ಲ."

"ಆ ದೊಡ್ಡ ಮೆಷಿನಿನ ಹತ್ರ ಕೂರುವವನಿಗೆ?"

"ಅವನಿಗೆ ಇಲ್ಲ. ಅವನು ಚಳಿಗೆ ಅದಕ್ಕೇ ಬೆನ್ನು ಕೊಟ್ಟು ಮಲಗುದು."

ಅತ್ತೆ ಹಿಡಿದಿದ್ದ ಕೈಯನ್ನು ಬಿಟ್ಟರು. "ನಾಗನಿಗೆ ಬೇರೆ ಕೆಲಸ ಇಲ್ವಾ, ಡ್ರಿಲ್ಲು ಹಿಡಿದವರನ್ನೇ ಹುಡುಕ್ಕೊಂಡು ಬರ್ಲಿಕ್ಕೆ" ಎಂದರು.

ಮೊದಲು ನಕ್ಕದ್ದು ಎತ್ತಿನವನು. ಆಮೇಲೆ ಮೂವರೂ ನಕ್ಕರು, ದೇವರ ಜಾಗ ಎಂಬ ಭಯವಿಲ್ಲದೆ, ಒದ್ದೆ ಪಂಚೆಯಲ್ಲಿ ನಡುಗುತ್ತಾ ನಕ್ಕರು. ಒಬ್ಬರ ಕೈ ಇನ್ನೊಬ್ಬರು ಹಿಡಿದು ನೋಡಿದರು. ಇಷ್ಟು ದಿನ ಪಕ್ಕಪಕ್ಕದಲ್ಲಿ ಕೂತು ಒಬ್ಬರಿಗೊಬ್ಬರು ತಲೆನೋವಿನ ಸುಳ್ಳು ಹೇಳಿಕೊಂಡು ಕಂಕುಳಲ್ಲಿ ಕೈ ಇಟ್ಟುಕೊಂಡವರು ಇವರು. ತಲೆನೋವು ಡ್ರಿಲ್ಲಿನವರಿಗೆ ಮಾತ್ರ ಯಾಕೆ ಬರುತ್ತದೆ ಎಂದು ಮೇಸ್ತ್ರಿಗೂ ಹೊಳೆದಿರಲಿಲ್ಲ. ಆ ದಿನವಂತೂ ಅವನಿಗೆ ಡ್ರಿಲ್ಲು ಹಿಡಿಯಲು ಜನವೇ ಸಿಗದೆ ಕಂಪ್ರೆಸರ್ ತೆಪ್ಪಗೆ ಕೂತಿತ್ತಂತೆ. ಡ್ರಿಲ್ಲಿನ ನಾಲ್ಕನೆಯವರು ಬ್ಯಾರಿ ಒಬ್ಬರು. ಅವರು ಅದಕ್ಕೂ ಮೊದಲೇ ದರ್ಗಾಕ್ಕೆ ಹರಕೆ ಹೊತ್ತು ಊರಿಗೆ ಹೋಗಿದ್ದರು, ಇದೇ ಬೆರಳಿಗೆ.

ಬಂದ ಮೇಲೆ ಸೇವೆ ಬಿಡುವುದು ಬೇಡ ಎಂದು ಮೂರೂ ಮನೆಯವರು ಬಲಿ ಮಾಡಿಸಿದೆವು. ಪ್ರಸಾದ ತಿಂದೆವು. ಮನೆಗೆ ಬಂದ ಅತ್ತೆ ಮಾವನ ಪಟಕ್ಕೆ ಹೂ ಹಾಕಿದರು, ಅದು ಅವರ ಕ್ಷಮೆ ಕೇಳುವ ರೀತಿ. ಆದರೆ ಗುಡಿಸಲಿನ ಮಾತು ಇನ್ನೂ ಪೂರ್ತಿ ಹೋಗಿರಲಿಲ್ಲ. ಡ್ರಿಲ್ಲಿನವರಿಗೆಲ್ಲ ಇದೆ ಎಂದರೆ ಒಬ್ಬನಿಂದ ಒಬ್ಬನಿಗೆ ಅಂಟಿದ ದೊಡ್ಡ ರೋಗವೂ ಇರಬಹುದಲ್ಲ ಎಂದು ಬಸ್ಸಿನಲ್ಲಿ ಬರುವಾಗ ಇವರು ಮೆಲ್ಲಗೆ ಹೇಳಿದ್ದರು. ಮಗುವನ್ನು ಆಗಲೂ ಮುಟ್ಟಲಿಲ್ಲ.

ಹಾಗಾಗಿ ಪುತ್ತೂರಿನ ಡಾಕ್ಟರರ ಹತ್ತಿರ ಹೋದದ್ದು. ಮೂವರು ಗಂಡಸರು, ಮಗುವನ್ನು ಎತ್ತಿಕೊಂಡ ನಾನು. ಪುತ್ತೂರಿನ ಮಧ್ಯಾಹ್ನದ ಸೆಕೆಗೆ ಮೂವರ ಬೆರಳೂ ಒಳ್ಳೆ ಹುಡುಗರ ಹಾಗೆ ಕೆಂಪಗೆ ಕೂತಿದ್ದವು. ಬಾವಿಯ ನೀರಲ್ಲಿ ಕೈ ಅದ್ದಿಸಿದರೂ ಏನೂ ಆಗಲಿಲ್ಲ. ಇಷ್ಟು ದೂರ ಬಂದು ಸುಳ್ಳರಾಗುತ್ತೇವಲ್ಲ ಎಂದು ನನಗೆ ಆ ಬೆರಳುಗಳ ಮೇಲೆಯೇ ಸಿಟ್ಟು ಬಂತು. ಡಾಕ್ಟರು ಮಾತ್ರ ನಗಲಿಲ್ಲ. ಕಂಪೌಂಡರನ್ನು ಮೀನು ಮಾರ್ಕೆಟಿಗೆ ಕಳಿಸಿ ಐಸು ತರಿಸಿದರು. ಬಂಗುಡೆ ವಾಸನೆಯ ಆ ಐಸಿನ ನೀರಲ್ಲಿ ಸ್ವಲ್ಪ ಹೊತ್ತು ಕೈ ಇಟ್ಟದ್ದೇ ತಡ, ಬೆರಳು ಬೆಳ್ಳಗಾದವು.

ಡಾಕ್ಟರು ಸೂಜಿಯಿಂದ ಚುಚ್ಚಿದರು, ಇವರಿಗೆ ತಿಳಿಯಲಿಲ್ಲ. ಕೈ ಒರೆಸಿ, ಬಿಸಿನೀರಿನ ಬಟ್ಟೆ ಸುತ್ತಿ, ಬಣ್ಣ ಬಂದ ಮೇಲೆ ಕಣ್ಣು ಮುಚ್ಚಿಸಿ ಮತ್ತೆ ಚುಚ್ಚಿದರು. ಪ್ರತಿ ಬೆರಳಿಗೂ ಇವರು "ಆ" ಎಂದರು. ಡಾಕ್ಟರು ಮೈಮೇಲೆ ಎಲ್ಲಾದರೂ ಮರಗಟ್ಟಿದ ಮಚ್ಚೆ ಇದೆಯೇ ಎಂದು ನೋಡಿದರು. ಮೊಣಕೈಯ ಹಿಂದಿನ ನರವನ್ನು ಒತ್ತಿ ನೋಡಿದರು. ನಾನು ಡಾಕ್ಟರರ ಮುಖವನ್ನೇ ನೋಡುತ್ತಾ ಕೂತಿದ್ದೆ.

"ನೀವು ಗ್ರಹಿಸಿದ ರೋಗ ಅಲ್ಲ ಇದು" ಎಂದರು. "ಅದರಲ್ಲಿ ಸ್ಪರ್ಶ ಹೋದ್ರೆ ಹೀಗೆ ಒಂದು ಗಳಿಗೆಯಲ್ಲಿ ವಾಪಸ್ ಬರುದಿಲ್ಲ. ನಿಮ್ಮದು ಹೋಗ್ತದೆ, ಬರ್ತದೆ. ನಡುಗುವ ಯಂತ್ರ ಹಿಡಿದವರಿಗೆ ಚಳಿಗೆ ಬೆರಳಿನ ರಕ್ತ ನಿಲ್ತದೆ ಅಂತ ಪುಸ್ತಕದಲ್ಲಿ ಓದಿದ್ದೆ. ನೋಡುದು ಇವತ್ತೇ ಮೊದಲು."

"ಅಂಟುದಿಲ್ವಾ?" ಎಂದು ನಾನು ಎರಡು ಸಲ ಕೇಳಿದೆ.

"ಅಂಟುದಿಲ್ಲ. ಮಗುವಿಗೂ ಇಲ್ಲ, ನಿಮಗೂ ಇಲ್ಲ. ಡ್ರಿಲ್ಲು ಬಿಡಬೇಕು. ಬೀಡಿ ಬಿಡಬೇಕು. ಚಳಿಗೆ ಕೈ ಮುಚ್ಚಿಟ್ಟುಕೊಳ್ಬೇಕು. ಪೂರ್ತಿ ಗುಣ ಆಗ್ತದೆ ಅಂತ ನಾನು ಹೇಳುದಿಲ್ಲ."

ಅಂಟುವುದಿಲ್ಲ ಎಂಬುದರ ನಂತರ ಡಾಕ್ಟರು ಹೇಳಿದ್ದು ಆ ದಿನ ಯಾರ ತಲೆಗೂ ಹೋಗಲಿಲ್ಲ. ಆಲಂಕಾರಿನವನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಬೈರಾಸಿನಲ್ಲಿ ಮುಖ ಮುಚ್ಚಿ ಅತ್ತ. ಎತ್ತಿನವನು ಸಂತೋಷಕ್ಕೆ ಬೀಡಿ ಹಚ್ಚಿದ, ಹಚ್ಚಿದ ಮೇಲೆ ನೆನಪಾಗಿ ಎಸೆದ, ಎಸೆದದ್ದಕ್ಕೆ ಬೇಜಾರು ಮಾಡಿಕೊಂಡ.

ಆ ಬೆರಳುಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. ಎತ್ತಿನವನಿಗೆ ಸಾಕಲು ಮಂದಿ ಬಹಳ, ಅವನು ಡ್ರಿಲ್ಲಿಗೇ ಮರಳಿದ. ಅವನ ಬೆರಳು ಮುಂದೆ ಅಂಗಿಯ ಗುಂಡಿ ಹಾಕಲೂ ಆಗದ ಹಾಗಾದವು. ಇವರು ಮಾರನೇ ದಿನವೇ ಡ್ರಿಲ್ಲು ಬಿಟ್ಟು ಕಲ್ಲು ಹೊರಲು ಹೋದರು, ರೈಲು ಕೆಲಸ ಮುಗಿದ ಮೇಲೆ ಗದ್ದೆಗೆ ಬಂದರು. ಕಮ್ಮಿ ಆಯಿತು, ಹೋಗಲಿಲ್ಲ. ಚಳಿಗಾಲದ ಬೆಳಿಗ್ಗೆ ಹಾಲು ಕರೆಯಲು ಕೂತರೆ ತುದಿಗಳು ಬೆಳ್ಳಗಾಗುತ್ತಿದ್ದವು, ದನ ಒದೆಯುತ್ತಿತ್ತು, ಅಷ್ಟೇ. ಅದನ್ನು ನಾವು ಯಾರಿಂದಲೂ ಮುಚ್ಚಿಡಲಿಲ್ಲ.

ಆದರೆ ಆ ದಿನದ ಮಾತು ಇನ್ನೂ ಉಂಟು. ಪುತ್ತೂರಿನ ಬಸ್‌ಸ್ಟ್ಯಾಂಡಿಗೆ ಬಂದು, ನಮ್ಮ ಬಸ್ಸಿಗೆ ಕಾಯುತ್ತಾ ಒಂದು ಅಂಗಡಿಯ ಮಾಡಿನ ಕೆಳಗೆ ನಿಂತೆವು. ಇವರು ತಮ್ಮ ಕೈಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, "ಕೊಡು ಇಲ್ಲಿ" ಎಂದರು.

ನಾನು ಮಗುವನ್ನು ಕೊಟ್ಟೆ. ಹಿಡಿಯುವುದು ಹೇಗೆಂದೇ ಅವರಿಗೆ ಗೊತ್ತಿರಲಿಲ್ಲ. ಎರಡೂ ಅಂಗೈ ಚಾಚಿ, ದೇವಸ್ಥಾನದಲ್ಲಿ ಪ್ರಸಾದದ ತಟ್ಟೆ ಹಿಡಿದವರ ಹಾಗೆ ಮಗುವನ್ನು ಮುಂದೆ ಹಿಡಿದುಕೊಂಡು ನಿಂತರು. ಅವಳಿಗೂ ಇವರು ಯಾರೆಂದು ಗೊತ್ತಿಲ್ಲ. ಮುಖ ನೋಡಿದಳು, ತುಟಿ ಸೊಟ್ಟ ಮಾಡಿದಳು, ಬಸ್‌ಸ್ಟ್ಯಾಂಡಿನ ಜನರೆಲ್ಲ ತಿರುಗಿ ನೋಡುವ ಹಾಗೆ ಅತ್ತಳು. ಇವರು ಕೊಡಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಬಸ್ಸು ಬಂದು ನಿಂತಿತು. ಕಂಡಕ್ಟರು ಊರ ಹೆಸರು ಕೂಗುತ್ತಿದ್ದ.

ಅಷ್ಟರಲ್ಲಿ ಅವಳು ಅಳುತ್ತಲೇ ಅವರ ಕೈ ತುಂಬ ಉಚ್ಚೆ ಹೊಯ್ದಳು. ಅದು ಬೆರಳುಗಳ ಸಂದಿಯಿಂದ ಇಳಿದು ಮೊಣಕೈವರೆಗೆ ಹರಿಯಿತು. ನಾನು ಬಟ್ಟೆ ತೆಗೆಯಲು ಚೀಲಕ್ಕೆ ಕೈ ಹಾಕಿದೆ.

"ಇರು" ಎಂದರು. ಅವರು ಅಲ್ಲಾಡದೆ ನಿಂತಿದ್ದರು, ಕಣ್ಣಲ್ಲಿ ನೀರು ನಿಂತಿತ್ತು. "ಬಿಸಿ ಉಂಟು ಮಾರಾಯ್ತಿ. ನನಗೆ ಗೊತ್ತಾಗ್ತದೆ, ಬಿಸಿ ಉಂಟು."